ಪೇಪರಿನಲ್ಲಿ ಬಂದ ಅಣಬೆ

ನಾನು ಹುಟ್ಟಿದ ಮನೆಯಲ್ಲಿ ಅಣಬೆ ತಿನ್ನುತ್ತಿರಲಿಲ್ಲ. ಅಪ್ಪ ಮಡಿಕೇರಿಯ ದೇವಸ್ಥಾನವೊಂದರಲ್ಲಿ ಪೂಜೆ ಮಾಡುತ್ತಿದ್ದರು. ಈರುಳ್ಳಿಯೇ ಅಪರೂಪಕ್ಕೆ ಬರುತ್ತಿದ್ದ ಆ ಅಡುಗೆಮನೆಗೆ ಅಣಬೆ ಬರುವ ಮಾತೇ ಇರಲಿಲ್ಲ. ಮದುವೆಯಾಗಿ ಹೋದ ಮನೆಯಲ್ಲೂ ಹಾಗೆಯೇ. ಆದರೂ ಕೊಡಗಿನ ಅಣಬೆಗಳ ಬಗ್ಗೆ ಕನ್ನಡದಲ್ಲಿ ಒಂದು ವೆಬ್‌ಸೈಟ್ ನಡೆಸುವವಳು ನಾನೇ.

ಶುರುವಾದದ್ದು ಶಾಲೆಯಲ್ಲಿ. ಸುಂಟಿಕೊಪ್ಪದ ಹತ್ತಿರದ ಹೈಸ್ಕೂಲೊಂದರಲ್ಲಿ ನಾನು ವಿಜ್ಞಾನದ ಟೀಚರ್. ಮಳೆ ಹಿಡಿದ ಮೇಲೆ ಕಾಫಿ ಎಸ್ಟೇಟಿನ ಕೂಲಿಯವರ ಲೈನುಮನೆಗಳಿಂದ ಬರುವ ಮಕ್ಕಳು ಕೆಸುವಿನ ಎಲೆಯಲ್ಲಿ ಅಣಬೆ ಸುತ್ತಿಕೊಂಡು ಬಂದು, ಇದು ಯಾವುದು ಟೀಚರ್ ಎಂದು ಕೇಳುತ್ತಿದ್ದರು. ನನಗೆ ಗೊತ್ತಿರಲಿಲ್ಲ. ಪ್ರತಿ ಸಲವೂ ಗೊತ್ತಿಲ್ಲ ಎನ್ನುವುದಕ್ಕೆ ನಾಚಿಕೆಯಾಗಿ ಪುಸ್ತಕ ತರಿಸಿದೆ, ಫೋಟೊ ತೆಗೆದೆ, ಮೈಸೂರಿನಲ್ಲಿ ಈ ವಿಷಯ ಬಲ್ಲವರಿಗೆ ಕಳಿಸಿ ಹೆಸರು ಕೇಳಿದೆ. ನಾಲ್ಕೈದು ಮಳೆಗಾಲ ಕಳೆಯುವಷ್ಟರಲ್ಲಿ ಫೋಟೊಗಳು ಎಷ್ಟಾದವೆಂದರೆ, ಸಹಕಾರಿ ಸೊಸೈಟಿಯಲ್ಲಿ ಕೆಲಸ ಮಾಡುವ ನನ್ನ ಗಂಡ ಅವನ್ನೆಲ್ಲ ಒಂದು ಕಡೆ ಜೋಡಿಸಲು ವೆಬ್‌ಸೈಟ್ ಮಾಡುವುದನ್ನು ಯೂಟ್ಯೂಬ್ ನೋಡಿ ಕಲಿತರು. ಒಂದೊಂದು ಅಣಬೆಗೂ ಮೂರು ಫೋಟೊ: ಮೇಲಿನ ಕೊಡೆ, ಕೊಡೆಯ ಅಡಿಯ ಪದರಗಳು, ಮಣ್ಣಿನಿಂದ ಅಗೆದು ತೆಗೆದ ಬುಡ. ಬುಡ ಮುಖ್ಯ. ಜನ ಇಷ್ಟಪಟ್ಟು ತಿನ್ನುವ ಹುತ್ತದ ಅಣಬೆಗೆ ನೆಲದೊಳಗೆ ಉದ್ದನೆಯ ಬೇರಿನಂಥ ಬಾಲವಿರುತ್ತದೆ. ಮೇಲಿನಿಂದ ನೋಡಿದರೆ ಹೆಚ್ಚುಕಡಿಮೆ ಅದರಂತೆಯೇ ಕಾಣುವ ಇನ್ನೊಂದು ಬಿಳಿ ಅಣಬೆಗೆ ಬುಡದಲ್ಲಿ ಒಂದು ಬಟ್ಟಲಿರುತ್ತದೆ, ಒಡೆದ ಮೊಟ್ಟೆಯ ಸಿಪ್ಪೆಯ ಹಾಗೆ. ಅದಕ್ಕೆ ಕನ್ನಡದ ಹೆಸರು ಸಿಗದೆ ನಾನೇ ಬಟ್ಟಲಣಬೆ ಎಂದು ಬರೆದಿದ್ದೆ. ಅದು ಮನುಷ್ಯರನ್ನು ಕೊಲ್ಲುವ ಅಣಬೆ.

ಸೈಟಿಗೆ ಯಾರೂ ಬರುತ್ತಿರಲಿಲ್ಲ. ಬಂದವರಲ್ಲಿ ಒಬ್ಬಳು ನಾನು, ಇನ್ನೊಬ್ಬರು ನನ್ನ ಗಂಡ. ಅದರ ಬಗ್ಗೆ ನನಗೆ ಬೇಸರವೂ ಇರಲಿಲ್ಲ. ಆದರೆ ಒಂದು ವರ್ಷ ಆಟಿ ತಿಂಗಳ ಜೋರು ಮಳೆಯಲ್ಲಿ ನಮ್ಮ ಶಾಲೆಯ ಹತ್ತಿರದ ಲೈನೊಂದರಲ್ಲಿ ಅಣಬೆ ತಿಂದು ಒಂದು ಮನೆಯವರೆಲ್ಲ ಆಸ್ಪತ್ರೆ ಸೇರಿದರು. ಬದುಕಿ ಬಂದರು, ಸರಿ. ಅವರು ತಿಂದ ಅಣಬೆಯ ಚಿತ್ರ, ಅದು ವಿಷ ಎಂಬ ಮಾತಿನೊಂದಿಗೆ, ಎರಡು ವರ್ಷದಿಂದ ನಮ್ಮ ಸೈಟಿನಲ್ಲಿತ್ತು. ಆ ಮನೆಯ ಹುಡುಗಿ ನನ್ನ ತರಗತಿಯಲ್ಲೇ ಕೂರುತ್ತಿದ್ದಳು. ಇಂಥದ್ದೊಂದು ಸೈಟ್ ಇದೆಯೆಂದು ನಾನು ಅವಳಿಗೂ ಹೇಳಿರಲಿಲ್ಲ.

ಅಂದಿನಿಂದ ಪತ್ರಿಕೆಗಳ ಹಿಂದೆ ಬಿದ್ದೆ. ಸಂಪಾದಕರಿಗೆ ಉದ್ದುದ್ದ ಕಾಗದ ಬರೆದೆ, ಇಮೇಲ್ ಕಳಿಸಿದೆ. ಹೆಚ್ಚಿನವರು ಉತ್ತರಿಸಲಿಲ್ಲ. ಒಂದು ಕಚೇರಿಯವರು ಜಾಹೀರಾತು ವಿಭಾಗದ ನಂಬರ್ ಕೊಟ್ಟರು. ಇನ್ನೊಬ್ಬರು, ವೆಬ್‌ಸೈಟ್ ಇದೆ ಅನ್ನುವುದು ಸುದ್ದಿಯಲ್ಲ ಮೇಡಂ, ಸುದ್ದಿ ಏನು ಅಂತ ಎರಡು ಸಾಲಿನಲ್ಲಿ ಹೇಳಿ ಎಂದರು. ಆ ಮಾತು ಉಪಯೋಗಕ್ಕೆ ಬಂತು. ಮುಂದಿನ ಜೂನ್ ಹತ್ತಿರ ಬಂದಾಗ ಎರಡೇ ಸಾಲು ಬರೆದೆ: ಮಳೆ ಬಂತು, ಜನ ಅಣಬೆ ಕೀಳುತ್ತಾರೆ, ಯಾವುದನ್ನು ಬಿಡಬೇಕೆಂದು ತಿಳಿಯಲು ಕನ್ನಡದಲ್ಲಿ ಒಂದು ಜಾಗವಿದೆ. ಒಂದು ವಾರದೊಳಗೆ ಮಡಿಕೇರಿಯಿಂದ ಒಬ್ಬರು ವರದಿಗಾರರು ಸ್ಕೂಟರಿನಲ್ಲಿ ಬಂದರು.

ನನ್ನದೇ ವಯಸ್ಸಿನವರು, ಮೃದು ಮಾತಿನವರು. ರೈನ್‌ಕೋಟ್ ಬಿಚ್ಚಿ ಜಗಲಿಯಲ್ಲಿ ಕೂತು ಎಲ್ಲವನ್ನೂ ಬರೆದುಕೊಂಡರು. ಭಾನುವಾರದ ಪುರವಣಿಗೆ ಎಂದರು. ಬಾಯಲ್ಲಿ ನೀರೂರುವ ಹಾಗಿರಬೇಕು, ವಿಷದ್ದು ಬೇಡ, ಓದುವವರು ಪುಟ ತಿರುಗಿಸಿಬಿಡುತ್ತಾರೆ ಎಂದು ಅವರು ಹೇಳಿದಾಗ ನಾನು ಒಪ್ಪಲಿಲ್ಲ. ಎರಡೂ ಅಕ್ಕಪಕ್ಕ ಇರಲೇಬೇಕು, ಇಲ್ಲದಿದ್ದರೆ ಬರೆಯುವುದೇ ಬೇಡ ಎಂದು ಹಟ ಹಿಡಿದೆ. ಅವರು ನಕ್ಕು, ಆಯ್ತು ಮೇಡಂ, ಎರಡೂ ಕಳಿಸಿ ಎಂದರು. ಆ ಹಟವನ್ನು ನಾನು ಎಷ್ಟು ಸಲ ನೆನೆದಿದ್ದೇನೋ ಲೆಕ್ಕವಿಲ್ಲ. ಹಟ ಹಿಡಿಯದಿದ್ದರೆ ವಿಷದ ಅಣಬೆಯ ಚಿತ್ರ ಆ ಕಚೇರಿಗೆ ಹೋಗುತ್ತಲೇ ಇರಲಿಲ್ಲ.

ಭಾನುವಾರ ಬೆಳಿಗ್ಗೆ ನನ್ನ ಗಂಡ ಬಸ್‌ಸ್ಟ್ಯಾಂಡಿಗೆ ಹೋಗಿ ಮೂರು ಪ್ರತಿ ತಂದರು. ನಾನು ಕೈ ಒರೆಸಿಕೊಂಡು ಬಂದು ಅಡುಗೆಮನೆಯ ಕಟ್ಟೆಯ ಮೇಲೆ ಪುರವಣಿ ಬಿಡಿಸಿದೆ. ಅರ್ಧ ಪುಟ. ನಮ್ಮ ಸೈಟಿನ ವಿಳಾಸ ದಪ್ಪ ಅಕ್ಷರದಲ್ಲಿ, ಕೊನೆಯಲ್ಲಿ ನನ್ನ ಫೋನ್ ನಂಬರ್. ನಡುವೆ ದೊಡ್ಡದಾಗಿ ಒಂದು ಬಿಳಿಯ, ನೀರು ಹನಿಯುವ, ಬಹಳ ಚಂದದ ಅಣಬೆ. ಅದರ ಕೆಳಗೆ "ಮಳೆಗಾಲದ ರುಚಿ, ಹುತ್ತದ ಅಣಬೆ" ಎಂದಿತ್ತು.

ಅದು ಬಟ್ಟಲಣಬೆ. ನಾನೇ ಮೊಣಕಾಲೂರಿ ತೆಗೆದ ಫೋಟೊ. ಜಾಗ ಸಾಲದೆಂದು ಬುಡವನ್ನು ಕತ್ತರಿಸಿದ್ದರು. ಬಟ್ಟಲು ಕಾಣುತ್ತಿರಲಿಲ್ಲ. ನಿಜವಾದ ಹುತ್ತದ ಅಣಬೆ ಮೂಲೆಯಲ್ಲಿ ಚಿಕ್ಕದಾಗಿ, ವಿಷ ಎಂಬ ಸಾಲಿನೊಂದಿಗೆ ಇತ್ತು.

ಮೊದಲು ನನಗೆ ಏನೂ ಅನ್ನಿಸಲಿಲ್ಲ. ಆಮೇಲೆ ಚಿತ್ರದ ಕೆಳಗಿನ ಸಾಲನ್ನು ಮತ್ತೊಮ್ಮೆ ಓದಿದೆ. ಗಂಡ ನನ್ನ ಮುಖ ನೋಡಿ, ಏನಾಯಿತೆಂದು ಕೇಳದೆ, ಪೇಪರ್ ಎಳೆದುಕೊಂಡು ನೋಡಿದರು. ಅವರಿಗೂ ಅರ್ಥವಾಯಿತು.

ವರದಿಗಾರರಿಗೆ ಫೋನ್ ಮಾಡಿದೆ. ನೀವು ಕಳಿಸಿದ ಕ್ರಮದಲ್ಲೇ ಕಚೇರಿಗೆ ಕಳಿಸಿದ್ದೇನೆ ಎಂದು ಅವರು ಹೇಳಿದಾಗ ಸಿಟ್ಟು ಬಂತು. ವಾಟ್ಸಾಪ್ ತೆರೆದು ನೋಡಿದೆ. "ಮೊದಲನೆಯದು ತಿನ್ನುವಂಥದ್ದು, ಎರಡನೆಯದು ವಿಷ" ಎಂದು ನಾನೇ ಬರೆದಿದ್ದೆ. ಆದರೆ ಆ ದಿನ ನೆಟ್‌ವರ್ಕ್ ಹೋಗಿ ಬಂದು ಮಾಡುತ್ತಿತ್ತು. ಮೊದಲನೆಯ ಫೋಟೊ ಹೋಗದೆ ನಿಂತು, ನಾನು ಅದನ್ನು ಮತ್ತೆ ಕಳಿಸಿ, ಅದು ಎರಡನೆಯದಾಗಿ ಹೋಗಿತ್ತು. ನಾನು ತಿರುಗಿ ನೋಡಿರಲಿಲ್ಲ. ಸಿಟ್ಟು ಇಳಿಯಿತು. ಅದರ ಜಾಗಕ್ಕೆ ಬಂದದ್ದು ಬರೀ ಹೆದರಿಕೆ.

ವರದಿಗಾರರು ತಕ್ಷಣ ಕಚೇರಿಗೆ ಹೇಳಿ ಇಂಟರ್ನೆಟ್ಟಿನಲ್ಲಿದ್ದ ಪುಟ ತೆಗೆಸಿದರು. ಅಚ್ಚಾದದ್ದು ಅಷ್ಟರಲ್ಲಿ ಜಿಲ್ಲೆಯ ಎಲ್ಲ ಮನೆಗೂ ಹೋಗಿಯಾಗಿತ್ತು. ಸೈಟಿನಲ್ಲಾದರೂ ದೊಡ್ಡದಾಗಿ ಬರೆಯೋಣವೆಂದು ತೆರೆದರೆ ಅದು ತೆರೆಯಲಿಲ್ಲ. ಒಂದೇ ಬೆಳಿಗ್ಗೆ ಅಷ್ಟು ಜನ ನುಗ್ಗಿದ್ದರಿಂದ ನಮ್ಮ ಚಿಕ್ಕ ಸೈಟ್ ಕುಸಿದು ಕೂತಿತ್ತು. ಜನ ಬರಲಿ ಬರಲಿ ಎಂದು ವರ್ಷಗಟ್ಟಲೆ ಕಾದಿದ್ದೆ. ಬಂದ ದಿನ ಬಾಗಿಲು ಮುಚ್ಚಿತ್ತು.

ಗಂಡ ಪೇಪರ್ ಏಜೆಂಟರ ಬಳಿಗೆ ಓಡಿದರು, ಅಲ್ಲಿಂದ ಪಂಚಾಯಿತಿಯವರನ್ನು ಹಿಡಿದು ಕಸದ ಆಟೊದ ಮೈಕಿನಲ್ಲಿ ಕೂಗಿಸಿದರು. ನಾನು ಗೊತ್ತಿದ್ದ ವಾಟ್ಸಾಪ್ ಗುಂಪಿಗೆಲ್ಲ ಧ್ವನಿ ಸಂದೇಶ ಕಳಿಸಿದೆ. ಮೊದಲ ಸಂದೇಶದಲ್ಲಿ ಧ್ವನಿ ಎಷ್ಟು ನಡುಗಿತ್ತೆಂದರೆ ಏನು ಹೇಳುತ್ತಿದ್ದೇನೆಂದೇ ತಿಳಿಯುತ್ತಿರಲಿಲ್ಲ. ಅಳಿಸಿ ಮತ್ತೆ ಮಾಡಿದೆ. ಫೋನ್ ಬರುತ್ತಲೇ ಇತ್ತು. ಹೆಚ್ಚಿನವರು ಒಳ್ಳೆಯ ಮಾತು ಹೇಳಲು ಕರೆದವರು. ಪ್ರತಿಯೊಬ್ಬರಿಗೂ, ತಿಂದಿರಾ ಎಂದು ಕೇಳಿದೆ. ಇಲ್ಲ ಎಂದಾಗಲೆಲ್ಲ ಒಂದು ಉಸಿರು ಬಿಟ್ಟು ಮುಂದಿನ ಕರೆ ತೆಗೆದುಕೊಳ್ಳುತ್ತಿದ್ದೆ.

ಹನ್ನೊಂದು ಗಂಟೆಯ ಸುಮಾರಿಗೆ ಗಾಳಿಬೀಡಿನಿಂದ ಒಬ್ಬರು ಕರೆದರು.

"ಟೀಚರಾ ಮಾತಾಡೋದು? ಪೇಪರಲ್ಲಿ ನೋಡಿದೆ. ನಮ್ಮ ತೋಟದಲ್ಲೂ ಬಂದಿತ್ತು, ಒಳ್ಳೆ ಬೆಳ್ಳಗೆ. ಬೆಳಿಗ್ಗೆ ರೊಟ್ಟಿಗೆ ಪಲ್ಯ ಮಾಡಿದ್ವಿ. ಒಂದು ಥ್ಯಾಂಕ್ಸ್ ಹೇಳುವ ಅಂತ."

ಯಾರು ಯಾರು ತಿಂದಿರಿ ಎಂದು ಕೇಳಿದೆ. ತಾನು ಎರಡು ತುಂಡು, ತನಗದು ಅಷ್ಟು ಸೇರುವುದಿಲ್ಲ, ಹೆಂಡತಿಗೆ ಭಾರಿ ಇಷ್ಟ, ಉಳಿದದ್ದೆಲ್ಲ ಅವಳೇ ತಿಂದಳು ಎಂದರು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಬುಡ ಹೇಗಿತ್ತು ಎಂದೆ.

"ಬುಡ ಎಂತ ಟೀಚರೇ, ಚಾಕುವಲ್ಲಿ ಕೊಯ್ದದ್ದು."

ಈಗಲೇ ಮಡಿಕೇರಿ ಆಸ್ಪತ್ರೆಗೆ ಹೋಗಿ ಎಂದೆ. ಅವರಿಗೆ ನಗು ಬಂತು. ಹೆಂಡತಿ ಕಲ್ಲಿನ ಹತ್ತಿರ ಬಟ್ಟೆ ಒಗೆಯುತ್ತಿದ್ದಾಳೆ, ಇಬ್ಬರಿಗೂ ಏನೂ ಆಗಿಲ್ಲ ಎಂದರು. ಏನೂ ಆಗದಿರುವುದೇ ನನ್ನನ್ನು ಹೆದರಿಸಿದ್ದು. ಬೇರೆ ಅಣಬೆಗಳು ಗಂಟೆಯೊಳಗೆ ವಾಂತಿ ಮಾಡಿಸುತ್ತವೆ. ಬಟ್ಟಲಣಬೆ ಅರ್ಧ ದಿನ ಸುಮ್ಮನಿರುತ್ತದೆ. ತಿಂದವರು ನಗುತ್ತಾ ಓಡಾಡುತ್ತಿರುವಾಗ ಒಳಗೆ ಲಿವರ್ ಕೆಡುತ್ತಿರುತ್ತದೆ. ಇದನ್ನು ಸೈಟಿನಲ್ಲಿ ಬರೆಯುವಾಗ ಪುಸ್ತಕ ನೋಡಿ ಒಂದೂವರೆ ಸಾಲಿನಲ್ಲಿ ಮುಗಿಸಿದ್ದೆ.

ಅವರು ತಾವಾಗಿ ಹೋಗುವವರಲ್ಲ ಎಂದು ಅನ್ನಿಸಿ, ಗಂಡ ಬಂದ ಕೂಡಲೇ ನಾವಿಬ್ಬರೂ ಕಾರಿನಲ್ಲಿ ಹೊರಟೆವು. ಮಡಿಕೇರಿ ದಾಟಿ ಗಾಳಿಬೀಡಿನ ಏರಿನಲ್ಲಿ ಮಂಜು ಮುಚ್ಚಿಕೊಂಡಿತ್ತು. ಗಂಡ ದೀಪ ಹಾಕಿಕೊಂಡು ನಿಧಾನ ಓಡಿಸುತ್ತಿದ್ದರು. ನನಗೆ ಆ ನಿಧಾನವನ್ನು ತಾಳಲಾಗುತ್ತಿರಲಿಲ್ಲ, ಬೇಗ ಹೋಗಿ ಎನ್ನಲೂ ಧೈರ್ಯವಿರಲಿಲ್ಲ. ಹುತ್ತದ ಅಣಬೆಯೇ ಆಗಿರಲಿ, ಅದು ಬರುವ ಕಾಲವೂ ಇದೇ ಅಲ್ಲವೇ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅದನ್ನೇ ಎಷ್ಟು ಸಲ ಹೇಳಿಕೊಂಡೆನೆಂದರೆ ಮನೆ ತಲುಪುವಷ್ಟರಲ್ಲಿ ಅರ್ಧ ನಂಬಿಯೂ ಇದ್ದೆ.

ಹೆಂಡತಿ ಸುಮಾರು ನಲವತ್ತರವರು, ಗಟ್ಟಿಮುಟ್ಟಾದ ಹೆಂಗಸು. ಸೀರೆಯ ಸೆರಗಿಗೆ ಕೈ ಒರೆಸಿಕೊಂಡು ಕಾಫಿ ಇಡಲು ಹೊರಟರು. ನಾನು ಕಾಫಿ ಬೇಡವೆಂದು, ಅಣಬೆ ಕೊಯ್ದ ಜಾಗ ತೋರಿಸಿ ಎಂದೆ. ಫೋನ್ ಮಾಡಿದ್ದ ಅವರ ಗಂಡ ತೋಟಕ್ಕೆ ಇಳಿದರು, ನಾವು ಹಿಂದೆ. ಕಾಫಿ ಗಿಡಗಳ ನಡುವೆ ಒಂದು ಹಳೆಯ ಮರದ ಬುಡ. ಅವರು ಅಂಗಿಯ ಜೇಬಿನಿಂದ ಪುರವಣಿಯ ತುಂಡನ್ನು ತೆಗೆದರು. ಚಿತ್ರವನ್ನು ಕತ್ತರಿಸಿಕೊಂಡು ಬಂದು, ಪಕ್ಕದಲ್ಲಿ ಹಿಡಿದು, ಸರಿ ನೋಡಿಕೊಂಡೇ ಕೊಯ್ದದ್ದು ಎಂದು ಹೇಳಿದರು. ಬಹಳ ಎಚ್ಚರಿಕೆಯಿಂದ ಮಾಡಿದ ಕೆಲಸವನ್ನು ಟೀಚರಿಗೆ ತೋರಿಸುವವರಂತೆ ಹೇಳಿದರು.

ಉದುರಿದ ಎಲೆಯ ದರಗಿನ ನಡುವೆ ಕೊಯ್ದ ನಾಲ್ಕು ದಂಟುಗಳ ಮೋಟು ಉಳಿದಿತ್ತು. ನಾನು ಕೂತು, ಅವರ ಚಾಕುವಿನಿಂದ ಒಂದರ ಸುತ್ತ ಮಣ್ಣು ಬಿಡಿಸಿದೆ. ಬಾಲ ಸಿಗಲಿ ಎಂದು ಬೆರಳು ಆಳಕ್ಕೆ ಹಾಕಿದೆ. ಬಾಲ ಇರಲಿಲ್ಲ. ಮೆತ್ತಗಿನ, ಬಿಳಿಯ ಬಟ್ಟಲು ನನ್ನ ಅಂಗೈಗೆ ಬಂತು.

ಆಗ ನಾನು ಅತ್ತೆನೋ ಇಲ್ಲವೋ ನೆನಪಿಲ್ಲ. ಅವರ ಹೆಂಡತಿ ನನ್ನ ಮುಖವನ್ನೇ ನೋಡುತ್ತಿದ್ದದ್ದು ನೆನಪಿದೆ. "ನನಗೆ ಎಂತ ಆಗ್ತದೆ?" ಎಂದು ಅವರು ಕೇಳಿದರು. ಆಸ್ಪತ್ರೆಗೆ ಹೋಗೋಣ ಅಕ್ಕ ಎಂದಷ್ಟೇ ಹೇಳಿದೆ. ನಾಲ್ಕೂ ಬುಡಗಳನ್ನು ಕಾಗದದಲ್ಲಿ ಕಟ್ಟಿಕೊಂಡೆ. ಕಾಗದ ಬೇರೆ ಇರಲಿಲ್ಲ. ಅದೇ ಪುರವಣಿಯ ತುಂಡು.

ಆಸ್ಪತ್ರೆಯಲ್ಲಿದ್ದ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಬುಡಗಳನ್ನು ನೋಡಿ, ಯಾವುದು ಅಂತ ಖಂಡಿತವಾಗಿ ಹೇಳ್ತೀರಾ ಎಂದು ನನ್ನನ್ನು ಕೇಳಿದರು. ಹೇಳುತ್ತೇನೆ ಎಂದೆ. ತಿಂದದ್ದು ಎಷ್ಟು ಗಂಟೆಗೆ ಎಂದು ಬರೆದುಕೊಂಡು, ವಾಂತಿಗೆ ಕಾಯದೆ ಇಬ್ಬರಿಗೂ ವಿಷ ಹೀರುವ ಕರಿಯ ಇದ್ದಿಲ ನೀರು ಕುಡಿಸಿ ಡ್ರಿಪ್ ಹಾಕಿದರು. ಈಗಲೇ ಬಂದದ್ದು ಒಳ್ಳೆಯದಾಯಿತು ಎಂದು ಅವರು ಹೇಳಿದಾಗ ಆ ಮನುಷ್ಯ ನನ್ನ ಕಡೆ ತಿರುಗಿ ಕೈ ಮುಗಿದರು. ಪೇಪರಿನಲ್ಲಿ ಬಂದ ತಪ್ಪಿನ ಬಗ್ಗೆ ಕಾರಿನಲ್ಲೇ ಹೇಳಿದ್ದೆ. ತಪ್ಪು ಪೇಪರಿನವರದು ಎಂದುಕೊಂಡಿದ್ದರು. ಫೋಟೊ ಹಿಂದುಮುಂದಾದದ್ದು ನನ್ನಿಂದ ಎಂದು ಆಗ, ಆ ಬೆಂಚಿನ ಮೇಲೆ ಹೇಳಿದೆ. ಅವರು ಮುಗಿದ ಕೈ ಇಳಿಸಿದರು.

ಸಂಜೆ ನಾಲ್ಕರ ಹೊತ್ತಿಗೆ ಹೆಂಡತಿಗೆ ವಾಂತಿ ಶುರುವಾಯಿತು. ಆಕೆಯ ಗಂಡನಿಗೆ ಹೊಟ್ಟೆ ನೋವಷ್ಟೇ. ಮಂಗಳೂರಿಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಚೀಟಿ ಬರೆದರು. ಆಂಬುಲೆನ್ಸಿನ ಬಾಗಿಲಲ್ಲಿ ನಾನು, ಜೊತೆಗೆ ಬರುತ್ತೇನೆ ಎಂದೆ.

"ನೀವು ಬರುವುದು ಬೇಡ ಟೀಚರೇ," ಎಂದರು ಆ ಮನುಷ್ಯ. ಜೋರಾಗಿ ಹೇಳಲಿಲ್ಲ.

ವರದಿಗಾರರು ಅಷ್ಟರಲ್ಲಿ ಆಸ್ಪತ್ರೆಗೆ ಬಂದಿದ್ದರು. ಮರುದಿನದ ತಿದ್ದುಪಡಿಯನ್ನು ಬರೆದುಕೊಂಡು ಬಂದಿದ್ದರು, ತೋರಿಸಿದರು. ಕಣ್ತಪ್ಪಿನಿಂದ ಚಿತ್ರ ಅದಲುಬದಲಾಗಿದೆ ಎಂದಿತ್ತು. ಯಾರ ಕಣ್ತಪ್ಪು ಎಂದು ಬರೆಯಿರಿ ಎಂದೆ. ಅದೆಲ್ಲ ಬೇಡ ಮೇಡಂ, ನಾನೂ ಒಂದು ಸಲ ಕೇಳಬಹುದಿತ್ತು, ಕೇಳಲಿಲ್ಲ ಎಂದು ಕಾಗದ ಮಡಚಿ ಇಟ್ಟುಕೊಂಡರು.

ಆಮೇಲಿನ ಮೂರು ದಿನ ನಾನು ಶಾಲೆಗೆ ಹೋದೆ, ಪಾಠ ಮಾಡಿದೆ. ಏನು ಪಾಠ ಮಾಡಿದೆನೋ ತಿಳಿಯದು. ಗಾಳಿಬೀಡಿನವರು ನನ್ನ ಫೋನ್ ತೆಗೆಯುತ್ತಿರಲಿಲ್ಲ. ವರದಿಗಾರರೇ ಮಂಗಳೂರಿನಲ್ಲಿ ವಿಚಾರಿಸಿ ಹೇಳುತ್ತಿದ್ದರು. ಎರಡನೆಯ ದಿನ ವಾಂತಿ ನಿಂತಿದೆ ಎಂದರು. ನನ್ನ ಗಂಡ ದೇವರ ಮುಂದೆ ದೀಪ ಹಚ್ಚಿದರು. ವಾಂತಿ ನಿಂತ ಮೇಲಿನ ದಿನವೇ ಅಪಾಯದ್ದು ಎಂದು ನನಗೆ ಗೊತ್ತಿತ್ತು, ಅವರಿಗೆ ಹೇಳಲಿಲ್ಲ. ಆ ದಿನಗಳಲ್ಲಿ ನನಗೆ ಅನ್ನ ಸೇರುತ್ತಿರಲಿಲ್ಲ. ತಟ್ಟೆಯ ಮುಂದೆ ಕೂತರೆ ಅಂಗೈಯಲ್ಲಿ ಆ ಮೆತ್ತಗಿನ ಬಟ್ಟಲು ಇದ್ದಂತಾಗುತ್ತಿತ್ತು. ಎಷ್ಟು ಸೋಪು ಹಾಕಿ ತೊಳೆದರೂ ಹಾಗೆಯೇ.

ಈ ನಡುವೆ ಉಳಿದ ಪತ್ರಿಕೆಗಳೆಲ್ಲ ನಮ್ಮ ಸೈಟಿನ ಬಗ್ಗೆ ಬರೆದವು. ನಾನು ಬೇಡಿ ಕಾಗದ ಬರೆದಾಗ ಉತ್ತರಿಸದವರೂ ತಾವಾಗಿಯೇ ಕರೆದರು. ಟಿವಿಯವರು ಶಾಲೆಯ ಗೇಟಿನ ಹತ್ತಿರ ಬಂದು ನಿಂತಿದ್ದರು. ಶಿಕ್ಷಣ ಇಲಾಖೆಯಿಂದ ವಿವರಣೆ ಕೇಳಿ ಪತ್ರ ಬಂತು. ಸೈಟನ್ನು ಅನುಮತಿ ಪಡೆದು ನಡೆಸುತ್ತಿದ್ದೆನೇ ಎಂದು ಅದರಲ್ಲಿತ್ತು. ಪೊಲೀಸರು ಬರುತ್ತಾರೆ ಎಂದು ಯಾರೋ ಹೇಳಿದರು. ಜೀಪಿನ ಸದ್ದು ಕೇಳಿದಾಗಲೆಲ್ಲ ಬೋರ್ಡಿನ ಮೇಲೆ ಬರೆಯುತ್ತಿದ್ದ ಕೈ ನಿಲ್ಲುತ್ತಿತ್ತು. ಯಾರೂ ಬರಲಿಲ್ಲ. ಗಾಳಿಬೀಡಿನವರು ದೂರು ಕೊಡಲಿಲ್ಲ. ಯಾಕೆ ಕೊಡಲಿಲ್ಲವೆಂದು ನನಗೆ ಇವತ್ತಿಗೂ ತಿಳಿದಿಲ್ಲ, ಕೇಳುವ ಧೈರ್ಯವೂ ಬಂದಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿದ್ದಾಗ ವರದಿಗಾರರ ಕರೆ ಬಂತು. ರಕ್ತದ ಪರೀಕ್ಷೆ ಸರಿಯಾಗುತ್ತಾ ಬಂದಿದೆ, ಡಾಕ್ಟರು ಭಯವಿಲ್ಲ ಎಂದಿದ್ದಾರೆ ಎಂದರು. ನಾನು ಕೂತಲ್ಲೇ ಮೇಜಿಗೆ ತಲೆ ಇಟ್ಟೆ. ಗಂಟೆ ಹೊಡೆದದ್ದು ಕೇಳಿಸಲಿಲ್ಲ, ಮಕ್ಕಳು ಬಂದು ಕರೆದರು.

ಆ ದಂಪತಿ ಮನೆಗೆ ಬಂದ ಮೇಲೆ ನಾವಿಬ್ಬರೂ ಒಂದು ಸಲ ಗಾಳಿಬೀಡಿಗೆ ಹೋದೆವು. ಆ ಮನುಷ್ಯ ತೋಟದಿಂದ ಮೇಲೆ ಬರಲಿಲ್ಲ. ಹೆಂಡತಿ ಬಾಗಿಲಲ್ಲೇ ಕುರ್ಚಿ ಹಾಕಿ ಕೂರಿಸಿದರು. ಅರ್ಧ ಇಳಿದು ಹೋಗಿದ್ದರು. ಕೆನ್ನೆಯ ಮೂಳೆ ಎದ್ದು ಕಾಣುತ್ತಿತ್ತು. ಕ್ಷಮಿಸಿ ಎಂದು ಹೇಳಲು ಬಂದವಳು ಅದನ್ನು ಹೇಳಿದೆನಾದರೂ, ಆ ಮಾತು ಅಷ್ಟು ದೂರದಿಂದ ಹೊತ್ತು ತರುವಂಥದ್ದಾಗಿರಲಿಲ್ಲ ಎಂದು ಹೇಳಿದ ಕೂಡಲೇ ಗೊತ್ತಾಯಿತು.

"ಈಗಲೂ ಮಧ್ಯಾಹ್ನಕ್ಕೆ ಸುಸ್ತು ಹೊಡೀತದೆ," ಎಂದರು. "ಕಾಫಿ ಪಿಕಿಂಗಿನ ಹೊತ್ತಿಗೆ ಸರಿ ಆಗ್ಬಹುದು. ನೀವು ಮತ್ತೆ ಮತ್ತೆ ಬರ್ಬೇಕು ಅಂತ ಇಲ್ಲ ಟೀಚರೇ. ನಿಮ್ಮನ್ನು ನೋಡಿದ್ರೆ ಇವರಿಗೆ ಎಲ್ಲ ನೆನಪಾಗ್ತದೆ."

ಮತ್ತೆ ಹೋಗಿಲ್ಲ.

ಸೈಟನ್ನು ನಾವು ಮುಚ್ಚಿ ಆರು ತಿಂಗಳು ಹಾಗೆಯೇ ಇಟ್ಟಿದ್ದೆವು. ಮುಚ್ಚಿದ್ದರಿಂದ ಹೆದರಿಕೆ ಕಡಿಮೆಯಾಗಲಿಲ್ಲ. ಮೋಡ ಕಟ್ಟಿದಾಗ ಯಾವ ತೋಟದಲ್ಲಿ ಏನು ಮೇಲೆ ಬರುತ್ತಿದೆಯೋ ಎಂದು ಅನ್ನಿಸುತ್ತಲೇ ಇತ್ತು. ಕಡೆಗೆ ಮತ್ತೆ ತೆರೆದೆವು. ಆದರೆ ತಿನ್ನಬಹುದು ಎಂಬ ಮಾತನ್ನು ಎಲ್ಲ ಪುಟಗಳಿಂದ ತೆಗೆದುಹಾಕಿದೆ. ಯಾವುದನ್ನು ಬಿಡಬೇಕು ಎಂಬುದಷ್ಟೇ ಈಗ ಇರುವುದು. ಫೋಟೊದ ಮೇಲೆಯೇ, ಯಾರೂ ಕತ್ತರಿಸಲಾಗದಂತೆ ನಡುಮಧ್ಯದಲ್ಲಿ, ಹೆಸರನ್ನೂ ವಿಷ ಎಂಬುದನ್ನೂ ಬರೆದಿದ್ದೇವೆ. ನೋಡಲು ಅಸಹ್ಯವಾಗಿದೆ ಎಂದು ಕೆಲವರು ಬರೆಯುತ್ತಾರೆ.

ಕಳೆದ ಮಳೆಗಾಲದ ಮೊದಲು ಅದೇ ವರದಿಗಾರರು ಕರೆದು, ಇನ್ನೊಂದು ಸಲ ಬರೆಯೋಣವೇ ಎಂದು ಕೇಳಿದರು. ಆಗುವುದಿಲ್ಲ ಎಂದು ಫೋನ್ ಇಟ್ಟೆ. ಎರಡು ದಿನ ಬಿಟ್ಟು ನಾನೇ ಕರೆದೆ. ಪುಟ ಅಚ್ಚಿಗೆ ಹೋಗುವ ಮೊದಲು ನಾನು ಬಂದು ನೋಡಬೇಕು ಎಂದೆ. ಹಾಗೆಲ್ಲ ಬಿಡುವುದಿಲ್ಲ, ಕೇಳಿ ನೋಡುತ್ತೇನೆ ಎಂದರು, ಕೇಳಿದರು, ಒಪ್ಪಿಸಿದರು. ಶನಿವಾರ ಶಾಲೆ ಬಿಟ್ಟ ಮೇಲೆ ಬಸ್ಸು ಹತ್ತಿ ಅವರ ಕಚೇರಿಗೆ ಹೋದೆ. ಪುಟ ಕಟ್ಟುವ ಹುಡುಗಿಯ ಪಕ್ಕ ಸ್ಟೂಲ್ ಹಾಕಿಕೊಂಡು ಕೂತು, ಚಿತ್ರಗಳ ಕೆಳಗಿನ ಸಾಲುಗಳನ್ನು ಬೆರಳಿಟ್ಟು ಓದಿದೆ. ಸರಿಯಿತ್ತು. ಎದ್ದು ಬಾಗಿಲವರೆಗೆ ಹೋಗಿ, ತಿರುಗಿ ಬಂದು, ಮತ್ತೊಮ್ಮೆ ತೋರಿಸಮ್ಮ ಎಂದೆ. ಅವಳು ಬೇಸರ ಮಾಡಿಕೊಳ್ಳದೆ ತೋರಿಸಿದಳು.

ಭಾನುವಾರ ಪೇಪರ್ ಬಂದಾಗ ನಾನು ಅದನ್ನು ಮುಟ್ಟಲಿಲ್ಲ. ಗಂಡ ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದಿ ಹೇಳಿದರು. ಒಂದೊಂದು ಚಿತ್ರ, ಅದರ ಕೆಳಗಿನ ಸಾಲು. ಸರಿ ಇದೆ ಕಣೇ, ಎಲ್ಲ ಸರಿ ಇದೆ ಎಂದರು. ನಾನು ಫೋನನ್ನು ಮಡಿಲಲ್ಲಿಟ್ಟುಕೊಂಡು ಮಧ್ಯಾಹ್ನದವರೆಗೂ ಅಲ್ಲೇ ಕೂತಿದ್ದೆ. ಮೂರು ಕರೆ ಬಂದವು. ಮೂವರನ್ನೂ, ಹೆಸರು ಕೇಳುವ ಮೊದಲೇ, ಏನಾದರೂ ತಿಂದಿರಾ ಎಂದು ಕೇಳಿದೆ.